ಎರಡನೇ ವರ್ಷದ ಬೆಲೆ

ವೆಬ್‌ಸೈಟ್ ಮಾಡಿಸಲು ಬರುವವರನ್ನು ನಾನು ಮೊದಲು ಕೇಳುವುದು, ಹೆಸರು ಆಗಲೇ ಕೊಂಡುಬಿಟ್ಟಿದ್ದೀರಾ ಎಂದು. ಹೌದು ಎಂದರೆ ಮುಂದಿನ ಪ್ರಶ್ನೆ: ಬರುವ ವರ್ಷ ಅದಕ್ಕೆ ಎಷ್ಟು ಕಟ್ಟಬೇಕು? ಇದಕ್ಕೆ ಉತ್ತರ ಗೊತ್ತಿದ್ದವರು ಅಪರೂಪ. ಹುಬ್ಬಳ್ಳಿಯಲ್ಲಿ ಕೂತು ಸಣ್ಣ ವ್ಯಾಪಾರಸ್ಥರಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಖಾನಾವಳಿ, ಕೋಚಿಂಗ್ ಕ್ಲಾಸು, ಇಳಕಲ್ ಸೀರೆ ಅಂಗಡಿ, ದಾಂಡೇಲಿ ಕಡೆಯ ಹೋಮ್‌ಸ್ಟೇ, ಗಿರಾಕಿಗಳೆಲ್ಲ ಇಂಥವರೇ. ಮೊದಲೆಲ್ಲ ಇವರು ಡಾಟ್ ಕಾಮ್ ಬಿಟ್ಟು ಇನ್ನೊಂದರ ಹೆಸರೆತ್ತುತ್ತಿರಲಿಲ್ಲ. ಈಗ ಡಾಟ್ ಶಾಪ್, ಡಾಟ್ ಆನ್‌ಲೈನ್, ಡಾಟ್ ಸ್ಟೋರ್, ಡಾಟ್ ಎಕ್ಸ್‌ವೈಜೆಡ್ ಹಿಡಿದುಕೊಂಡೇ ಬರುತ್ತಾರೆ. ಯಾಕೆ ಇದನ್ನೇ ಕೊಂಡಿರಿ ಎಂದರೆ, ಸೋವಿ ಇತ್ತು ಅನ್ನುತ್ತಾರೆ. ಸೋವಿ ಇತ್ತು ನಿಜ. ಮೊದಲ ವರ್ಷಕ್ಕೆ.

ಇಂಟರ್‌ನೆಟ್ ಹೆಸರುಗಳ ಬಾಲದಲ್ಲಿ ಈಗ ದೊಡ್ಡ ಪೈಪೋಟಿ ನಡೆದಿದೆ, ಅದರಿಂದ ಗಿರಾಕಿಗೆ ಲಾಭ ಎಂಬ ಮಾತು ಹತ್ತು ವರ್ಷಕ್ಕೂ ಮಿಕ್ಕಿ ಕೇಳಿಬರುತ್ತಿದೆ. ಪೈಪೋಟಿ ಇರುವುದು ಸುಳ್ಳಲ್ಲ. ಆದರೆ ನಾವು ದುಡ್ಡು ಕೊಟ್ಟು ಹೆಸರು ನೋಂದಾಯಿಸಿದ ಗಳಿಗೆಗೆ ಅದು ಮುಗಿದುಹೋಗುತ್ತದೆ. ಆಮೇಲೆ ಏನಿದ್ದರೂ ಒಬ್ಬನದೇ ಕಾರುಬಾರು.

ಇದು ಅರ್ಥವಾಗಬೇಕಾದರೆ ಈ ವ್ಯವಹಾರದಲ್ಲಿ ಯಾರು ಯಾರಿದ್ದಾರೆ ಎಂದು ತಿಳಿಯಬೇಕು. ನಮಗೆ ಹೆಸರು ಮಾರುವವನು ರಿಜಿಸ್ಟ್ರಾರ್, ಚಿಲ್ಲರೆ ವ್ಯಾಪಾರಿ. ಅಂಥವರು ನೂರಾರು ಮಂದಿ ಇದ್ದಾರೆ, ಒಬ್ಬನನ್ನು ಬಿಟ್ಟು ಇನ್ನೊಬ್ಬನ ಹತ್ತಿರ ಹೋಗಬಹುದು. ಅವನ ಮೇಲೆ ರಿಜಿಸ್ಟ್ರಿ. ಡಾಟ್ ಶಾಪ್ ಎಂಬ ಇಡೀ ಬಾಲದ ಒಡೆತನ ಒಂದೇ ಕಂಪನಿಯದು; ಸಗಟು ಬೆಲೆ ನಿಗದಿ ಮಾಡುವುದು ಅದೇ. ಎಲ್ಲರ ಮೇಲೆ ಐಕ್ಯಾನ್, 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ, ಲಾಭದ ಉದ್ದೇಶವಿಲ್ಲದ ಸಂಸ್ಥೆ. ಯಾವ ಬಾಲ ಇರಬೇಕು, ಯಾರ ಕೈಯಲ್ಲಿರಬೇಕು ಎಂದು ಒಪ್ಪಂದ ಬರೆದುಕೊಡುವುದು ಅದರ ಕೆಲಸ.

2012ರಲ್ಲಿ ಐಕ್ಯಾನ್ ಹೊಸ ಬಾಲಗಳಿಗೆ ಬಾಗಿಲು ತೆರೆಯಿತು. ಒಂದು ಅರ್ಜಿಗೆ 1,85,000 ಡಾಲರ್ ಶುಲ್ಕ. ಬಂದ ಅರ್ಜಿಗಳು 1,930. ಡೋನಟ್ಸ್ ಎಂಬ ಕಂಪನಿಯೊಂದೇ 307 ಹಾಕಿತು, ಗೂಗಲ್ 101, ಅಮೆಜಾನ್ 76. ಕ್ರೈಸ್ಲರ್ ಕಂಪನಿ ತನ್ನ ಟ್ರಕ್ಕಿನ ಹೆಸರೆಂದು ಡಾಟ್ ರಾಮ್ ಕೇಳಿತು, ಭಾರತ ಸರ್ಕಾರ ತಕರಾರು ತೆಗೆಯಿತು. ಡಾಟ್ ಇಂಡಿಯನ್ಸ್ ಕೇಳಿದ ರಿಲಯನ್ಸ್ ಮೇಲೂ ನಮ್ಮ ಸರ್ಕಾರದ್ದೇ ತಕರಾರು. (ಟ್ರಕ್ಕು, ದೇವರು, ಅಂಬಾನಿ ಮೂರೂ ಒಂದೇ ಪಟ್ಟಿಯಲ್ಲಿ ಬಂದದ್ದು ಬಹುಶಃ ಅದೊಂದೇ ಸಲ.) ಕೊನೆಗೆ ಸಾವಿರದ ಇನ್ನೂರಕ್ಕೂ ಹೆಚ್ಚು ಹೊಸ ಬಾಲಗಳು ಚಾಲ್ತಿಗೆ ಬಂದವು. ಡಾಟ್ ಕಾಮ್‌ಗೆ ಎದುರಾಳಿಗಳು ಹುಟ್ಟಿದರೆ ಬೆಲೆ ಇಳಿಯುತ್ತದೆ, ಒಳ್ಳೆಯ ಹೆಸರು ಎಲ್ಲರಿಗೂ ಸಿಗುತ್ತದೆ ಎಂಬುದು ಆಗಿನ ಲೆಕ್ಕಾಚಾರ.

ಒಂದೇ ಬಾಲಕ್ಕೆ ಹಲವರು ಕೈ ಚಾಚಿದಲ್ಲಿ ಹರಾಜು ನಡೆಯಿತು. 2015ರಲ್ಲಿ ಗೂಗಲ್ ಡಾಟ್ ಆ್ಯಪ್‌ಗೆ ಎರಡೂವರೆ ಕೋಟಿ ಡಾಲರ್ ಕೊಟ್ಟಿತು. ಮರುವರ್ಷ ಜಪಾನಿನ ಜಿಎಂಒ ಕಂಪನಿ ಡಾಟ್ ಶಾಪ್‌ಗೆ ನಾಲ್ಕು ಕೋಟಿ ಹದಿನೈದು ಲಕ್ಷ ಡಾಲರ್ ಸುರಿಯಿತು. ಅದೇ ವರ್ಷದ ಜುಲೈಯಲ್ಲಿ ಡಾಟ್ ವೆಬ್ ಹರಾಜಿಗೆ ಬಂತು. ಡಾಟ್ ಕಾಮ್‌ಗೆ ನಿಜವಾಗಿ ಎದುರು ನಿಲ್ಲುವ ತಾಕತ್ತು ಯಾವುದಕ್ಕಾದರೂ ಇದ್ದರೆ ಅದಕ್ಕೇ ಎಂದು ಈ ಕಸುಬಿನವರು ಹೇಳುತ್ತಿದ್ದರು. ನು ಡಾಟ್ ಕೋ ಎಂಬ ಪುಟ್ಟ ಕಂಪನಿ 13.5 ಕೋಟಿ ಡಾಲರ್‌ಗೆ ಗೆದ್ದಿತು. ಅಷ್ಟು ದುಡ್ಡು ಅದಕ್ಕೆ ಎಲ್ಲಿಂದ ಬಂತು ಎಂದು ಎಲ್ಲರೂ ಹುಬ್ಬೇರಿಸುವಷ್ಟರಲ್ಲಿ ಸಂಗತಿ ಹೊರಬಿತ್ತು: ಹಣ ಹಾಕಿದ್ದು ವೆರಿಸೈನ್. ಡಾಟ್ ಕಾಮ್‌ನ ರಿಜಿಸ್ಟ್ರಿಯೇ ಅದು! ತನ್ನ ಎದುರಾಳಿಯಾಗಬೇಕಿದ್ದ ಬಾಲವನ್ನು ಬೇನಾಮಿಯಾಗಿ ಕೊಂಡಂತಾಯಿತು. ಸೋತವರು ದೂರು ಹಾಕಿದರು, ವ್ಯಾಜ್ಯ ವರ್ಷಾನುಗಟ್ಟಲೆ ಎಳೆಯಿತು. ಪೈಪೋಟಿ ತರಲೆಂದು ಮಾಡಿದ ಏರ್ಪಾಡಿನ ಅತಿ ದೊಡ್ಡ ಬೆಲೆಯ ಹರಾಜಿನ ಕಥೆ ಇದು.

ಕೋಟಿಗಟ್ಟಲೆ ಸುರಿದವರು ಅದನ್ನು ವಾಪಸು ಪಡೆಯಬೇಕಲ್ಲ. ಅದಕ್ಕೆ ಬೇಕಾದ್ದು ಸಂಖ್ಯೆ. 2014ರ ಜೂನ್‌ನಲ್ಲಿ ಡಾಟ್ ಎಕ್ಸ್‌ವೈಜೆಡ್ ಬಂದಾಗ ಅಮೆರಿಕದ ಒಂದು ದೊಡ್ಡ ರಿಜಿಸ್ಟ್ರಾರ್, ಡಾಟ್ ಕಾಮ್ ಇಟ್ಟುಕೊಂಡಿದ್ದ ತನ್ನ ಗ್ರಾಹಕರ ಖಾತೆಗೆ ಅದೇ ಹೆಸರಿನ ಎಕ್ಸ್‌ವೈಜೆಡ್ ಅನ್ನು ಅವರು ಕೇಳದೆಯೇ ಬಿಟ್ಟಿಯಾಗಿ ತುಂಬಿತು. ಬೇಡದಿದ್ದರೆ ನೀವೇ ತಿಳಿಸಿ ಎಂಬ ಕ್ರಮ. ಲೆಕ್ಕದ ಪಟ್ಟಿಯಲ್ಲಿ ಎಕ್ಸ್‌ವೈಜೆಡ್ ರಾತ್ರೋರಾತ್ರಿ ಮೇಲೇರಿತು. ಮುಂದಿನ ವರ್ಷ ಗೂಗಲ್‌ನ ಮಾತೃಸಂಸ್ಥೆ ಆಲ್ಫಬೆಟ್ ತನ್ನ ವಿಳಾಸವನ್ನು ಅದೇ ಬಾಲದಲ್ಲಿ ಇಟ್ಟುಕೊಂಡದ್ದು ಬೇರೆ ಬಲ ಕೊಟ್ಟಿತು. ಇಷ್ಟೆಲ್ಲ ಆಗಿಯೂ ಇವತ್ತು ಡಾಟ್ ಕಾಮ್‌ನಲ್ಲಿ 15 ಕೋಟಿಗೂ ಹೆಚ್ಚು ಹೆಸರುಗಳಿವೆ. ಹೊಸ ಬಾಲಗಳೆಲ್ಲ ಸೇರಿದರೂ ಅದರ ಮೂರನೇ ಒಂದು ಪಾಲಿಗೂ ಬರುವುದಿಲ್ಲ.

ಬಿಟ್ಟಿಗೆ, ಬಿಡಿಗಾಸಿಗೆ ಸಿಗುವ ಹೆಸರನ್ನು ಮೊದಲು ಬಾಚಿಕೊಳ್ಳುವವರು ಮೋಸಗಾರರು. ನಕಲಿ ಬ್ಯಾಂಕ್ ಪುಟ, ಕೊರಿಯರ್ ನೆಪದ ಲಿಂಕು, ಲಾಟರಿ ಸಂದೇಶ ಇವಕ್ಕೆಲ್ಲ ಒಂದೆರಡು ದಿನ ಬಾಳುವ ಹೆಸರು ಸಾಕು, ಆಮೇಲೆ ಎಸೆದು ಇನ್ನೊಂದು. ಫಿಶಿಂಗ್ ದೂರುಗಳನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲವೆಂದು 2024ರ ಜುಲೈಯಲ್ಲಿ ಡಾಟ್ ಟಾಪ್‌ನ ರಿಜಿಸ್ಟ್ರಿಗೆ ಐಕ್ಯಾನ್ ಒಪ್ಪಂದ ಉಲ್ಲಂಘನೆಯ ನೋಟಿಸು ಕಳಿಸಬೇಕಾಯಿತು. ಇದರ ಏಟು ಬೀಳುವುದು ನನ್ನ ಗಿರಾಕಿಗಳ ಮೇಲೆ. ಪಾಪ, ಕೋಚಿಂಗ್ ಕ್ಲಾಸಿನ ಮೇಷ್ಟ್ರು ಹೊಸ ಬಾಲದ ವಿಳಾಸದಿಂದ ಪಾಲಕರಿಗೆ ಫೀಸಿನ ರಸೀದಿ ಕಳಿಸುತ್ತಾರೆ, ಅದು ಹೋಗಿ ಸ್ಪ್ಯಾಮ್ ಡಬ್ಬಿಯಲ್ಲಿ ಬೀಳುತ್ತದೆ. ಅದೇ ಬಾಲ ಹಚ್ಚಿಕೊಂಡ ಸಾವಿರ ಕಳ್ಳರ ಹೆಸರು ಇವರಿಗೂ ತಟ್ಟಿರುತ್ತದೆ. ಎಸ್‌ಪಿಎಫ್, ಡಿಕೆಐಎಂ ಎಂಬ ಇಮೇಲ್ ಗುರುತಿನ ವ್ಯವಸ್ಥೆಗಳನ್ನೆಲ್ಲ ಸರಿ ಮಾಡಿ ಕೊಡುತ್ತೇನೆ. ಆದರೂ ಪ್ರತಿ ಫೋನಿನಲ್ಲಿ ಅವರು ಹೇಳಬೇಕಾದ ಮಾತು ಒಂದೇ: ಸ್ಪ್ಯಾಮ್ ಒಳಗ ಒಮ್ಮೆ ನೋಡ್ರಿ.

ಇಷ್ಟಾದರೂ ಇದನ್ನು ಸಹಿಸಬಹುದು. ಬೆಲೆಯ ವಿಷಯ ಹಾಗಲ್ಲ.

ಗದಗ ಕಡೆಯ ಒಬ್ಬ ಹೆಣ್ಣುಮಗಳು ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಪುಣೆ, ಬೆಂಗಳೂರಿಗೆ ಕಳಿಸುತ್ತಾರೆ. ಅವರ ಮಗ ಮೊಬೈಲ್‌ನಲ್ಲಿ 99 ರೂಪಾಯಿಗೆ ಹೆಸರು ಕೊಂಡಿದ್ದ. ವ್ಯಾಪಾರ ಕುದುರಿತು, ಪಾಕೀಟಿನ ಮೇಲೆ, ಅಂಗಡಿ ಬೋರ್ಡಿನ ಮೇಲೆ, ಆಟೋದ ಹಿಂದೆ ಅದೇ ವಿಳಾಸ ಅಚ್ಚಾಯಿತು. ನವೀಕರಣಕ್ಕೆ ಬಂದಾಗ ಮೂರು ಸಾವಿರಕ್ಕೂ ಮೇಲೆ ಕೇಳಿತು ಹೆಸರು ಮಾರಿದ ಕಂಪನಿ. ಮೋಸವೇ ಎಂದು ನನ್ನ ಹತ್ತಿರ ಬಂದರು. ಮೋಸವಲ್ಲ, ಷರತ್ತಿನಲ್ಲಿ ಬರೆದಿದೆ, ಆದರೆ ಖರೀದಿಯ ಪುಟದಲ್ಲಿ ಬೂದು ಬಣ್ಣದ ಇರುವೆ ಗಾತ್ರದ ಅಕ್ಷರ. ಬೇರೆ ರಿಜಿಸ್ಟ್ರಾರ್‌ಗೆ ವರ್ಗ ಮಾಡಿದರೆ ಒಂದಿಷ್ಟು ಉಳಿಯುತ್ತದೆ, ಸಗಟು ಬೆಲೆಯೇ ಹೆಚ್ಚಿರುವುದರಿಂದ ಬಹಳ ಇಳಿಯಲಾರದು ಎಂದು ಬಿಡಿಸಿ ಹೇಳಿದೆ. ಅವರಂದರು: "ಅಣ್ಣಾರ, ಬಾಡಿಗಿ ಏರಿಸಿದ್ರ ಬ್ಯಾರೇ ಅಂಗಡಿ ನೋಡಬಹುದು. ಮಂದಿ ಬಾಯಾಗ ಕೂತ ಹೆಸರು ಹೆಂಗ ಬದ್ಲಿ ಮಾಡೂದ್ರಿ?"

ಐಕ್ಯಾನ್‌ನ ಸಭೆಗಳಲ್ಲಿ ಅರ್ಥಶಾಸ್ತ್ರಜ್ಞರು ಪುಟಗಟ್ಟಲೆ ಬರೆದ ವಿಷಯವನ್ನು ಆಕೆ ಒಂದೇ ಉಸಿರಿಗೆ ಹೇಳಿದರು.

ಇಲ್ಲೊಂದು ವಿಚಿತ್ರವಿದೆ. ಎಲ್ಲರೂ ಏಕಸ್ವಾಮ್ಯ ಎಂದು ಬೈಯುವ ಡಾಟ್ ಕಾಮ್‌ನ ಸಗಟು ಬೆಲೆಗೆ ಕಟ್ಟುಪಾಡು ಇದೆ. ಅಮೆರಿಕದ ವಾಣಿಜ್ಯ ಇಲಾಖೆಯ ಜೊತೆಗಿನ ಒಪ್ಪಂದದಲ್ಲಿ ಎಷ್ಟು ಏರಿಸಬಹುದು, ಯಾವಾಗ ಏರಿಸಬಹುದು ಎಂದು ಬರೆದಿದೆ. 2012ರಿಂದ ವರ್ಷಗಟ್ಟಲೆ 7.85 ಡಾಲರ್‌ನಲ್ಲೇ ನಿಂತಿತ್ತು. 2018ರಲ್ಲಿ ಸಡಿಲಿಕೆ ಸಿಕ್ಕಿ, 2021ರಿಂದ ವರ್ಷಕ್ಕೆ ನೂರಕ್ಕೆ ಏಳರಂತೆ ಏರಿ 2024ಕ್ಕೆ 10.26 ಡಾಲರ್ ಆಯಿತು. ಈ ಏರಿಕೆಗೂ ನನ್ನ ವಿರೋಧವಿದೆ, ಅದು ಬೇರೆ ಮಾತು. ಹೊಸ ಬಾಲಗಳಿಗೆ ಇಂಥ ಯಾವ ಮಿತಿಯೂ ಇಲ್ಲ. ಪೈಪೋಟಿಯೇ ಬೆಲೆಯನ್ನು ಹಿಡಿದಿಡುತ್ತದೆ ಎಂದು ನಂಬಿ ಒಪ್ಪಂದದಲ್ಲಿ ಮಿತಿ ಬರೆಯಲೇ ಇಲ್ಲ. ಹಿಡಿದಿಟ್ಟಿತೇ? 2017ರಲ್ಲಿ ಯೂನಿರಿಜಿಸ್ಟ್ರಿ ಎಂಬ ಕಂಪನಿ ತನ್ನ ಹದಿನಾರು ಬಾಲಗಳ ಬೆಲೆ ಏರಿಸುವುದಾಗಿ ಪ್ರಕಟಿಸಿತು. ಡಾಟ್ ಹೋಸ್ಟಿಂಗ್‌ನಂಥವು ವರ್ಷಕ್ಕೆ 300 ಡಾಲರ್‌ಗೆ ಹೋದವು. ಕೊಂಡವರು ಕಡಿಮೆ, ಖರ್ಚು ಗಿಟ್ಟುತ್ತಿಲ್ಲ, ಆದ್ದರಿಂದ ಇದ್ದವರ ಮೇಲೇ ಹೊರೆ ಎಂಬ ನ್ಯಾಯ. ರೇಗಿದ ಗೋಡ್ಯಾಡಿ ಎಂಬ ರಿಜಿಸ್ಟ್ರಾರ್ ಆ ಕಂಪನಿಯ ಬಾಲಗಳನ್ನು ಮಾರುವುದನ್ನೇ ನಿಲ್ಲಿಸಿತು. ಆದರೆ ಆಗಲೇ ಕೊಂಡು ವ್ಯಾಪಾರ ಕಟ್ಟಿಕೊಂಡವರು ಎಲ್ಲಿ ಹೋಗಬೇಕಿತ್ತು?

ಒಪ್ಪಂದದಲ್ಲಿ ಒಂದು ರಕ್ಷಣೆ ಇದೆ. ನವೀಕರಣದ ಬೆಲೆ ಏರಿಸುವ ರಿಜಿಸ್ಟ್ರಿ 180 ದಿನ ಮೊದಲೇ ತಿಳಿಸಬೇಕು. ಅಷ್ಟರೊಳಗೆ ಹಳೆಯ ಬೆಲೆಯಲ್ಲಿ ಹತ್ತು ವರ್ಷದವರೆಗೆ ಮುಂಗಡ ಕಟ್ಟಿ ಭದ್ರ ಮಾಡಿಕೊಳ್ಳಲು ಅವಕಾಶ ಕೊಡಬೇಕು. ಕೇಳಲು ಚೆನ್ನಾಗಿದೆ. ತಿಳಿಸಬೇಕಾದ್ದು ಯಾರಿಗೆ? ರಿಜಿಸ್ಟ್ರಾರ್‌ಗೆ. ಅವನು ರೊಟ್ಟಿ ಅಂಗಡಿಯವರಿಗೆ ತಿಳಿಸಿದನೇ ಇಲ್ಲವೇ ಎಂದು ಕೇಳುವವರಿಲ್ಲ. ಈ ನಿಯಮವನ್ನು ಬಳಸಿಕೊಂಡ ಒಬ್ಬ ಸಣ್ಣ ವ್ಯಾಪಾರಿಯನ್ನೂ ನಾನು ನೋಡಿಲ್ಲ.

ಈ ಆಟದಲ್ಲಿ ದೇಶಗಳ ಬಾಲಗಳೂ ಇಳಿದಿವೆ. ಕೆರಿಬಿಯನ್ ಸಮುದ್ರದ ಅಂಗ್ವಿಲಾ ದ್ವೀಪದಲ್ಲಿ ಇರುವುದು ಸುಮಾರು 16 ಸಾವಿರ ಜನ. ಅದರ ಪಾಲಿಗೆ ಬಂದ ಬಾಲ ಡಾಟ್ ಎಐ. ಕೃತಕ ಬುದ್ಧಿಮತ್ತೆಯ ಅಲೆ ಎದ್ದದ್ದೇ, 2023ರಲ್ಲಿ ಆ ಸರ್ಕಾರದ ವರಮಾನದ ಐದನೇ ಒಂದಕ್ಕೂ ಮಿಕ್ಕು ಇದೊಂದರಿಂದಲೇ ಬಂತು. ಅವರ ಅದೃಷ್ಟದ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ನಮ್ಮವರೂ ಹಿಂದೆ ಬಿದ್ದಿಲ್ಲ: ಡಾಟ್ ಆನ್‌ಲೈನ್, ಡಾಟ್ ಸ್ಟೋರ್, ಡಾಟ್ ಟೆಕ್ ನಡೆಸುವ ರಾಡಿಕ್ಸ್ ಹುಟ್ಟಿದ್ದು ಮುಂಬೈನ ತುರಾಖಿಯಾ ಸಹೋದರರ ಡೈರೆಕ್ಟಿ ಬಳಗದಲ್ಲಿ.

ಭಾರತೀಯ ರಿಸರ್ವ್ ಬ್ಯಾಂಕ್ ಮಾಡಿದ್ದು ಇದಕ್ಕೆಲ್ಲ ತದ್ವಿರುದ್ಧವಾದ ಕೆಲಸ. 2025ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿ, ಎಲ್ಲ ಬ್ಯಾಂಕುಗಳೂ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಬರಬೇಕು ಎಂದಿತು. ಅದನ್ನು ಕೊಡುವ ರಿಜಿಸ್ಟ್ರಾರ್ ಒಂದೇ, ಹೈದರಾಬಾದಿನ ಐಡಿಆರ್‌ಬಿಟಿ. ಬ್ಯಾಂಕಲ್ಲದವರಿಗೆ ಪ್ರವೇಶವಿಲ್ಲ. ಸ್ಟೇಟ್ ಬ್ಯಾಂಕಿನ ಬಳಿ 2012ರ ಸುತ್ತಿನಲ್ಲಿ ಕೇಳಿ ಪಡೆದ ಡಾಟ್ ಎಸ್‌ಬಿಐ ಎಂಬ ಸ್ವಂತ ಬಾಲವೇ ಇತ್ತು. ಅದೂ ಈ ಸಾಲಿಗೆ ಸೇರಬೇಕಾಯಿತು. ಅಜ್ಜಿಗೆ ಈಗ ಒಂದೇ ಮಾತು ಹೇಳಿಕೊಟ್ಟರೆ ಸಾಕು: ಕೊನೆಗೆ ಬ್ಯಾಂಕ್ ಡಾಟ್ ಇನ್ ಇಲ್ಲದಿದ್ದರೆ ಮುಟ್ಟಬೇಡಿ. ಸಾವಿರ ಬಾಲಗಳ ಸಂತೆ ಕೊಡದ ನಂಬಿಕೆಯನ್ನು ಕಾವಲಿರುವ ಒಂದು ಬಾಗಿಲು ಕೊಡುತ್ತಿದೆ. ಹಾಗಾಗಿಯೇ ನನ್ನ ಗಿರಾಕಿಗಳಿಗೂ ನಾನು ಹೇಳುವುದು ಡಾಟ್ ಇನ್ ಅಥವಾ ಡಾಟ್ ಕಾಮ್. ಬೇಕಾದ ಹೆಸರು ಸಿಗದಿದ್ದರೆ ಊರಿನ ಹೆಸರು ಸೇರಿಸಿ ಉದ್ದ ಮಾಡಿಕೊಳ್ಳಿ, ನಷ್ಟವೇನಿಲ್ಲ.

2026ರ ಏಪ್ರಿಲ್‌ಗೆ ಐಕ್ಯಾನ್ ಮತ್ತೊಂದು ಸುತ್ತು ಗೊತ್ತುಮಾಡಿದೆ. ಶುಲ್ಕ 2,27,000 ಡಾಲರ್, ಅಂದರೆ ಸುಮಾರು ಎರಡು ಕೋಟಿ ರೂಪಾಯಿ. ಅರ್ಜಿದಾರರು ತಮ್ಮತಮ್ಮಲ್ಲೇ ಖಾಸಗಿ ಹರಾಜು ಮಾಡಿಕೊಂಡು ದುಡ್ಡು ಹಂಚಿಕೊಳ್ಳುವುದಕ್ಕೆ ಈ ಬಾರಿ ತಡೆ ಹಾಕಿದ್ದಾರೆ, ಒಳ್ಳೆಯದು. ಡಾಟ್ ಕನ್ನಡ ಎಂದು ನಾವೂ ಕೇಳಬೇಕು, ಕ್ಯಾಟಲನ್ನರಿಗೆ ಡಾಟ್ ಕ್ಯಾಟ್, ಬಾಸ್ಕರಿಗೆ ಡಾಟ್ ಇಯುಎಸ್ ಇಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಕನ್ನಡ ಲಿಪಿಯ ಡಾಟ್ ಭಾರತ ಈಗಾಗಲೇ ಇದೆ. ಆ ವಿಳಾಸದ ಇಮೇಲ್ ಹಾಕಿದರೆ ಎಷ್ಟೋ ಅರ್ಜಿಗಳು "ಸರಿಯಾದ ಇಮೇಲ್ ಕೊಡಿ" ಎಂದು ಕೆಂಪು ಅಕ್ಷರ ತೋರಿಸುತ್ತವೆ. ಎರಡು ಕೋಟಿ ಇದ್ದರೆ ಮೊದಲು ನಮ್ಮ ಸರ್ಕಾರಿ ಪೋರ್ಟಲ್‌ಗಳು ಕನ್ನಡ ವಿಳಾಸವನ್ನು ಒಪ್ಪುವಂತೆ ಮಾಡಲಿ ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದವರು ಬಹಳ ಇದ್ದಾರೆ.

ಬೆಲೆಗೆ ಮಿತಿ ಹಾಕಿ ಎಂದರೆ ಐಕ್ಯಾನ್ ಕೇಳುವುದಿಲ್ಲ. ತಾನು ಬೆಲೆ ನಿಯಂತ್ರಕನಲ್ಲ ಎಂದು ಅದು ಹಿಂದಿನಿಂದ ಹೇಳುತ್ತ ಬಂದಿದೆ. ನಾವು ಇಲ್ಲೇ ಮಾಡಬಹುದಾದದ್ದು ಇದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟದ ಕುಟಿಲ ತಂತ್ರಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಹದಿಮೂರು ತಂತ್ರಗಳ ಪಟ್ಟಿಯಲ್ಲಿ ಬೆಲೆಯನ್ನು ಹನಿಹನಿಯಾಗಿ ತೋರಿಸುವುದಿದೆ, ಚಂದಾದ ಬಲೆಯಿದೆ, ಕೇಳದ ಸಾಮಾನನ್ನು ಬುಟ್ಟಿಗೆ ಸೇರಿಸುವುದೂ ಇದೆ. ಹೆಸರು ಕೊಳ್ಳುವ ಯಾವುದಾದರೂ ಪುಟ ತೆರೆದು ಹಣ ಕಟ್ಟುವವರೆಗೆ ಹೋಗಿ ನೋಡಿ. ಈ ಮೂರರ ನೆರಳೂ ಅಲ್ಲಿ ಕಾಣುತ್ತದೆ. ಆಹಾರ ತಲುಪಿಸುವವರು, ವಿಮಾನದ ಟಿಕೆಟ್ ಮಾರುವವರ ಮೇಲೆ ಇರುವ ಕಣ್ಣು ಇವರ ಮೇಲೂ ಬೀಳಲಿ. 99 ಎಂದು ಬರೆದ ಅಕ್ಷರದಷ್ಟೇ ಗಾತ್ರದಲ್ಲಿ, ಅದರ ಪಕ್ಕದಲ್ಲೇ, ಎರಡನೇ ವರ್ಷದ ಬೆಲೆ ಇರಬೇಕು. ಬೆಲೆ ಏರುವುದಾದರೆ ಹೆಸರಿನ ಒಡೆಯರಿಗೇ ನೇರವಾಗಿ ಆರು ತಿಂಗಳು ಮುಂಚೆ ಮೊಬೈಲ್‌ಗೆ ಸಂದೇಶ ಹೋಗಬೇಕು, ಹತ್ತು ವರ್ಷದ ಅವಕಾಶದ ವಿವರವೂ ಅದರಲ್ಲೇ ಇರಬೇಕು, ಕನ್ನಡದಲ್ಲಿ.