ಗರ್ಭಕೋಶದ ಶಸ್ತ್ರಚಿಕಿತ್ಸೆ: ಸಹಿಗೆ ಮುನ್ನ ತಿಳಿವಳಿಕೆ

ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರ ಪರಿಚಿತ ದಂಪತಿ ಈಚೆಗೆ ಬೆಳಗಾವಿಯ ನಮ್ಮ ಮನೆಗೆ ಬಂದಿದ್ದರು. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿಲ್ಲ. ಗರ್ಭಕೋಶದೊಳಗೆ ಅಡ್ಡಗೋಡೆಯಿದೆ, ಅದನ್ನು ಕತ್ತರಿಸಿದರೆ ಮಗು ಖಚಿತ ಎಂದು ಖಾಸಗಿ ಆಸ್ಪತ್ರೆಯೊಂದರಲ್ಲಿ ಹೇಳಿದ್ದರಂತೆ. ಅದಕ್ಕಾಗಿ ಗದ್ದೆ ಅಡವಿಡಲು ಸಿದ್ಧರಾಗಿದ್ದರು. ಗಂಡನ ವೀರ್ಯ ಪರೀಕ್ಷೆಯಾಗಿದೆಯೇ ಎಂದು ಕೇಳಿದೆ. ಆಗಿರಲಿಲ್ಲ.

ನಾನು ವೈದ್ಯನಲ್ಲ, ಅರ್ಥಶಾಸ್ತ್ರ ಓದಿ ಸರ್ಕಾರಿ ಸೇವೆಯಲ್ಲಿದ್ದವನು. ಚಿಕಿತ್ಸೆಯ ಮಾರುಕಟ್ಟೆಯಲ್ಲಿ ನೀಡುವವರಿಗೆ ತಿಳಿದಿರುವುದು ಪಡೆಯುವವರಿಗೆ ತಿಳಿದಿರುವುದಿಲ್ಲ ಎಂಬುದನ್ನು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ವಿಶ್ಲೇಷಿಸಿದ್ದರು. ಈ ಅಂತರದ ಬೆಲೆ ತೆರುವವರು ಬಡವರು.

ಹುಟ್ಟಿನಿಂದಲೇ ಇರುವ ಈ ಅಡ್ಡಗೋಡೆಗೆ ಸೆಪ್ಟಮ್ ಎನ್ನುತ್ತಾರೆ. ಹೊಟ್ಟೆ ಕೊಯ್ಯದೆ, ಹಿಸ್ಟರೋಸ್ಕೋಪ್ ಎಂಬ ಕೊಳವೆಯ ಮೂಲಕ ಅದನ್ನು ಕತ್ತರಿಸಬಹುದು. ಆದರೆ ಫಲವೇನು? 2021ರಲ್ಲಿ ಪ್ರಕಟವಾದ ‘ಟ್ರಸ್ಟ್’ ಅಧ್ಯಯನದಲ್ಲಿ ಸುಮಾರು 80 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಗಿತ್ತು. ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 31ರಷ್ಟು, ಅದಿಲ್ಲದೆ ಕಾದವರಲ್ಲಿ ಶೇ 35ರಷ್ಟು ಮಹಿಳೆಯರಿಗೆ ಜೀವಂತ ಶಿಶು ಜನಿಸಿತು. ಅಧ್ಯಯನ ಚಿಕ್ಕದು, ತಜ್ಞರಲ್ಲಿ ಭಿನ್ನಮತವಿದೆ. ಆದರೂ ‘ಖಚಿತ’ ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ.

ಹಾಗೆಂದು ಎಲ್ಲ ಶಸ್ತ್ರಚಿಕಿತ್ಸೆಯೂ ವ್ಯರ್ಥವಲ್ಲ. ಗರ್ಭಕೋಶದ ಒಳಕ್ಕೆ ಚಾಚಿದ ಗಡ್ಡೆ ಅಥವಾ ಒಳಪದರಗಳ ಅಂಟಿಕೆಯನ್ನು ತೆಗೆಯುವುದರಿಂದ ಕೆಲವರಿಗೆ ಪ್ರಯೋಜನವಾಗಬಹುದು. ಆದರೆ ನಮ್ಮ ದೇಶದಲ್ಲಿ ಅಂಟಿಕೆಗೆ ಜನನಾಂಗದ ಕ್ಷಯವೂ ಒಂದು ಕಾರಣ; ಅದಕ್ಕೆ ಸರ್ಕಾರವೇ ಉಚಿತ ಔಷಧ ನೀಡುತ್ತದೆ. ಇನ್ನು, ಅಡ್ಡಗೋಡೆಯನ್ನೂ ಎರಡು ಕೊಂಬಿನಾಕಾರದ ಗರ್ಭಕೋಶವನ್ನೂ ಬಣ್ಣ ಹಾಯಿಸಿ ತೆಗೆಯುವ ಎಕ್ಸ್-ರೇಯೊಂದೇ ಬೇರ್ಪಡಿಸಲಾರದು. ಮೂರು ಆಯಾಮದ ಸ್ಕ್ಯಾನ್ ಅಥವಾ ಎಂಆರ್‌ಐ ಬೇಕು. ಗುರುತಿಸುವುದರಲ್ಲೇ ತಪ್ಪಿದರೆ ಕತ್ತರಿ ಅಪಾಯಕಾರಿ.

ಪರಿಹಾರ ದುಬಾರಿಯಲ್ಲ. ಮೊದಲನೆಯದಾಗಿ, ಹೆಣ್ಣಿನ ಶಸ್ತ್ರಚಿಕಿತ್ಸೆಗೆ ಮುನ್ನ ಗಂಡಿನ ಪರೀಕ್ಷೆ ಕಡ್ಡಾಯವಾಗಲಿ. ಎರಡನೆಯದಾಗಿ, ಲಾಭ, ಅಪಾಯ ಹಾಗೂ ವೆಚ್ಚವನ್ನು ವಿವರಿಸುವ ಒಪ್ಪಿಗೆ ಪತ್ರ ಕನ್ನಡದಲ್ಲೂ, ಖಾನಾಪುರದಂಥ ಗಡಿ ತಾಲ್ಲೂಕಿನಲ್ಲಿ ಮರಾಠಿಯಲ್ಲೂ ಇರಲಿ. ಮೂರನೆಯದಾಗಿ, ಬೆಳಗಾವಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ‘ಬಿಮ್ಸ್’ನಲ್ಲಿ ಇಂಥವರಿಗೆ ಎರಡನೇ ಅಭಿಪ್ರಾಯ ನೀಡಲು ವಾರಕ್ಕೊಂದು ದಿನ ಮೀಸಲಿಡಲಿ. ಖಾಸಗಿ ಆಸ್ಪತ್ರೆಗಳ ನಿಯಂತ್ರಣಕ್ಕೆ ರಾಜ್ಯದಲ್ಲಿ 2007ರ ಕಾಯ್ದೆ ಇದೆ. ಆದರೆ ದರಪಟ್ಟಿ ಕಂಡ ಮಾತ್ರಕ್ಕೆ ಚಿಕಿತ್ಸೆ ಅಗತ್ಯವೇ ಎಂಬುದು ರೋಗಿಗೆ ತಿಳಿಯದು.

ಬಂಜೆ ಎಂಬ ಮಾತಿಗೆ ಅಂಜಿದ ಹೆಣ್ಣು ಯಾವ ಕಾಗದಕ್ಕೂ ಸಹಿ ಹಾಕುತ್ತಾಳೆ. ಆ ಅಂಜಿಕೆಯನ್ನೇ ಒಪ್ಪಿಗೆ ಎಂದು ಎಣಿಸಬಾರದು. ನಮ್ಮ ಮನೆಗೆ ಬಂದ ದಂಪತಿ ಈಗ ಗಂಡನ ಪರೀಕ್ಷೆಗೆ ಒಪ್ಪಿದ್ದಾರೆ. ಗದ್ದೆ ಸದ್ಯಕ್ಕೆ ಅವರ ಕೈಯಲ್ಲೇ ಇದೆ.