ಪ್ಯಾಕೆಟ್ ಹರಿಯುವ ಚಟ ಬೇಡ, ಸಿದ್ಧ ಡೆಕ್ ಸಾಕು

ಕೊಪ್ಪಳ ಸೀಮೆಯಲ್ಲಿ ಎಲೆ ಆಟ ಅಂದರೆ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಇಸ್ಪೀಟ್ ಅಡ್ಡೆ, ಅಂದರ್-ಬಾಹರ್, ಪೊಲೀಸರ ದಾಳಿ, ವಶಪಡಿಸಿಕೊಂಡ ನಗದು: ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಎಲೆಗಳ ಪ್ರಸ್ತಾಪ ಬರುವುದೇ ಹೀಗೆ. ಹಿಟ್ನಾಳದ ಹುಡುಗನೊಬ್ಬ ಪೋಕೆಮಾನ್ ಕಾರ್ಡುಗಳನ್ನು ಕಟ್ಟೆ ಮೇಲೆ ಹರಡಿಕೊಂಡು ಕೂತರೆ, ‘ಈ ವಯಸ್ಸಿಗೇ ಇಸ್ಪೀಟ್ ಏನಲೇ?’ ಎಂದು ಯಾರಾದರೂ ಗದರುವುದು ಖಂಡಿತ. ಆ ಗದರಿಕೆ ಪೂರ್ತಿ ತಪ್ಪೂ ಅಲ್ಲ. ಆದರೆ ಅದು ಬೀಳಬೇಕಾದ್ದು ಆಟದ ಮೇಲಲ್ಲ, ಕಾರ್ಡುಗಳನ್ನು ಮಾರುವ ಒಂದು ಬಗೆಯ ಮೇಲೆ.

ಟ್ರೇಡಿಂಗ್ ಕಾರ್ಡ್ ಆಟದಲ್ಲಿ ಆಡುವವನೇ ತನ್ನ ಕಾರ್ಡುಗಳನ್ನು ಆರಿಸಿ ಡೆಕ್ ಕಟ್ಟಿಕೊಂಡು ಬರುತ್ತಾನೆ. ಇಸ್ಪೀಟಿನಂತೆ ಇಬ್ಬರಿಗೂ ಒಂದೇ 52 ಎಲೆಯ ಕಟ್ಟು ಇಲ್ಲಿಲ್ಲ. ಗಣಿತದಲ್ಲಿ ಪಿಎಚ್.ಡಿ. ಪಡೆದ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್: ದ ಗ್ಯಾದರಿಂಗ್’ 1993ರಲ್ಲಿ ಈ ಬಗೆಗೆ ನಾಂದಿ ಹಾಡಿತು. 1996ರಲ್ಲಿ ಜಪಾನಿನಿಂದ ಪೋಕೆಮಾನ್ ಕಾರ್ಡ್ ಬಂತು, 1999ರಲ್ಲಿ ಯು-ಗಿ-ಓ. ಇಂದು ಮೂರಕ್ಕೂ ಜಗತ್ತಿನಾದ್ಯಂತ ಸ್ಪರ್ಧೆಗಳಿವೆ. ಪೋಕೆಮಾನ್ ಡೆಕ್‌ನಲ್ಲಿ ಸರಿಯಾಗಿ 60 ಕಾರ್ಡ್ ಇರಬೇಕು. ಮೂಲ ಎನರ್ಜಿ ಕಾರ್ಡುಗಳನ್ನು ಬಿಟ್ಟು ಬೇರೆ ಯಾವ ಹೆಸರಿನ ಕಾರ್ಡೂ ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಯು-ಗಿ-ಓದಲ್ಲಿ ಮುಖ್ಯ ಡೆಕ್ 40ರಿಂದ 60 ಕಾರ್ಡಿನದು, ಒಂದೇ ಕಾರ್ಡ್ ಹೆಚ್ಚೆಂದರೆ ಮೂರು.

ಈ ಕಾರ್ಡುಗಳು ಅಂಗಡಿಗೆ ಎರಡು ರೂಪದಲ್ಲಿ ಬರುತ್ತವೆ. ಒಂದು, ಬೂಸ್ಟರ್ ಪ್ಯಾಕೆಟ್. ಪೋಕೆಮಾನ್ ಪ್ಯಾಕೆಟ್ಟಿನಲ್ಲಿ ಹತ್ತು ಕಾರ್ಡ್, ಒಳಗೇನಿದೆ ಎಂಬುದು ಹರಿಯುವ ತನಕ ಗೊತ್ತಾಗದು. ಎರಡನೆಯದು, ಕಂಪನಿಯೇ ಜೋಡಿಸಿ ಮಾರುವ ಸಿದ್ಧ ಡೆಕ್. ಅದರಲ್ಲಿರುವ ಪ್ರತಿ ಕಾರ್ಡಿನ ಪಟ್ಟಿ ಮೊದಲೇ ಸಿಗುತ್ತದೆ. ಸ್ಪರ್ಧೆಗೆ ಇಳಿಯುವ ಆಸೆಯಿರುವ, ಜೇಬಿನಲ್ಲಿ ಲೆಕ್ಕದ ದುಡ್ಡಿರುವ ಊರ ಮಕ್ಕಳಿಗೆ ಸರಿಯಾದ ದಾರಿ ಈ ಎರಡನೆಯದೇ. ಪ್ಯಾಕೆಟ್ಟಿನ ದಾರಿಯನ್ನು ತಂದೆ-ತಾಯಿಗಳು ಮುಲಾಜಿಲ್ಲದೆ ಮುಚ್ಚಬೇಕು.

ಪ್ಯಾಕೆಟ್ ಎಂದರೆ ಮರೆಮಾಚಿದ ಲಾಟರಿ. ಕರ್ನಾಟಕ 2007ರಲ್ಲಿ ಲಾಟರಿ ನಿಷೇಧಿಸಿದಾಗ ಮುಂದಿದ್ದ ವಾದ ಸರಳವಾಗಿತ್ತು: ‘ನಾಳೆ ಹೊಡೆದೀತು’ ಎಂಬ ಆಸೆಗೆ ಕೂಲಿಯ ದುಡ್ಡು ಕರಗುತ್ತಿದೆ. ಹೊಳೆಯುವ ಒಂದು ಅಪರೂಪದ ಕಾರ್ಡಿಗಾಗಿ ಪ್ಯಾಕೆಟ್ ಮೇಲೆ ಪ್ಯಾಕೆಟ್ ಹರಿಯುವ ಮಗುವಿನ ಮನಸ್ಸೂ ಇದೇ ಹಾದಿಯಲ್ಲಿ ನಡೆಯುತ್ತದೆ. ವಿಡಿಯೊ ಗೇಮ್‌ಗಳೊಳಗಿನ ಇಂಥದೇ ‘ಲೂಟ್ ಬಾಕ್ಸ್’ಗಳ ಪೈಕಿ ಹಲವನ್ನು ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ 2018ರಲ್ಲಿ ಜೂಜು ಎಂದೇ ಹೇಳಿತು. ಕಾಗದದ ಪ್ಯಾಕೆಟ್ ಆ ತೀರ್ಪಿನ ವ್ಯಾಪ್ತಿಗೆ ಬರಲಿಲ್ಲ ನಿಜ. ಆದರೆ ಹರಿದು ನೋಡುವ ಬೆರಳಿನ ತುರಿಕೆ ಎರಡೂ ಕಡೆ ಒಂದೇ.

ಜಾತ್ರೆಯ ಆಟಿಕೆ ಅಂಗಡಿಗಳ ಸಂಗತಿ ಇನ್ನೂ ಒಂದು ಹೆಜ್ಜೆ ಮುಂದೆ. ಬಂಗಾರದ ಬಣ್ಣದಲ್ಲಿ ಮಿರಿಮಿರಿ ಮಿಂಚುವ ಪ್ಲಾಸ್ಟಿಕ್ ಕಾರ್ಡುಗಳ ಡಬ್ಬಿಗಳು ಎಲ್ಲೆಡೆ ಮಾರಾಟವಾಗುತ್ತಿವೆ. ಅವು ನಕಲಿ. ಅಸಲಿ ಡೆಕ್ಕಿನ ಕಾರ್ಡುಗಳು ಗಟ್ಟಿ ಕಾಗದದವು. ‘ಅಪ್ಪಾ, ಇದೊಂದ್ ಕೊಡಸು’ ಎಂದು ಹಟ ಹಿಡಿಯುವ ಮಗುವಿಗೆ ಅದನ್ನು ಕೊಡಿಸಬಹುದು, ಗೋಡೆಗೆ ಅಂಟಿಸಿಕೊಳ್ಳಲಿಕ್ಕೆ. ಯಾವ ಸ್ಪರ್ಧೆಯಲ್ಲೂ ಅವು ನಡೆಯುವುದಿಲ್ಲ.

ಹಾಗಾದರೆ ಸಿದ್ಧ ಡೆಕ್ ನಿಜವಾಗಿ ಗೆಲ್ಲುತ್ತದೆಯೇ? ಒಂದು ಕಾಲಕ್ಕೆ ಇಲ್ಲ. ಹೊಸಬರಿಗೆ ನಿಯಮ ಕಲಿಸಲಿಕ್ಕೆಂದು ಬರುತ್ತಿದ್ದ ಡೆಕ್‌ಗಳು ಹತ್ತು ಬಗೆಯ ಕಾರ್ಡುಗಳನ್ನು ಒಂದೊಂದು, ಎರಡೆರಡು ಹಾಕಿ ಕಟ್ಟಿದವು. ಅವನ್ನು ಹಿಡಿದು ಸ್ಪರ್ಧೆಗೆ ಹೋದವರು ಮೊದಲ ಸುತ್ತಿನಲ್ಲೇ ಮನೆಗೆ ಬರುತ್ತಿದ್ದರು. ಕಳೆದ ಹದಿನೈದು ವರ್ಷಗಳಲ್ಲಿ ಚಿತ್ರ ಬದಲಾಗಿದೆ. ಮ್ಯಾಜಿಕ್ ಆಟದ ಕಂಪನಿ 2011ರಲ್ಲಿ ‘ವಾರ್ ಆಫ್ ಅಟ್ರಿಶನ್’ ಎಂಬ ಸಿದ್ಧ ಡೆಕ್ ಮಾರುತ್ತಿತ್ತು. ಅದರಲ್ಲಿದ್ದ ‘ಸ್ಟೋನ್‌ಫೋರ್ಜ್ ಮಿಸ್ಟಿಕ್’ ಎಂಬ ಕಾರ್ಡ್ ಸ್ಪರ್ಧೆಗಳಲ್ಲಿ ಎಷ್ಟು ಪ್ರಬಲವಾಯಿತೆಂದರೆ ಅದೇ ವರ್ಷ ಅದನ್ನು ನಿಷೇಧಿಸಬೇಕಾಯಿತು. ಆದರೆ ಕೊಂಡವರಿಗೆ ಮೋಸವಾಗಬಾರದಲ್ಲ? ಒಂದು ಕಾರ್ಡನ್ನೂ ಬದಲಿಸದೆ ಆ ಡೆಕ್ಕನ್ನು ಇದ್ದಂತೆಯೇ ತಂದವರಿಗೆ ಮಾತ್ರ ನಿಷೇಧದಿಂದ ವಿನಾಯಿತಿ ಕೊಟ್ಟರು. 2018ರಲ್ಲಿ ಅದೇ ಕಂಪನಿ ಅಂಗಡಿ ಮಟ್ಟದ ಸ್ಪರ್ಧೆಗೆ ನೇರವಾಗಿ ಒಯ್ಯಬಹುದಾದ ‘ಚಾಲೆಂಜರ್ ಡೆಕ್’ಗಳನ್ನು ತಂದಿತು.

ಯು-ಗಿ-ಓ ಆಟಗಾರರಲ್ಲಂತೂ ‘ಮೂರು ಡಬ್ಬಿ’ ಪದ್ಧತಿ ಹಳೆಯದು. ‘ಸ್ಟ್ರಕ್ಚರ್ ಡೆಕ್’ ಎಂಬ ಸಿದ್ಧ ಡೆಕ್ ಒಂದನ್ನೇ ಮೂರು ಸಲ ಕೊಂಡರೆ ಮುಖ್ಯ ಕಾರ್ಡುಗಳು ನಿಯಮ ಒಪ್ಪುವಷ್ಟು, ಅಂದರೆ ಮೂರು ಮೂರು ಸಿಕ್ಕಿಬಿಡುತ್ತವೆ. 2023ರ ಡಿಸೆಂಬರಿನಲ್ಲಿ ಬಂದ ‘ಫೈರ್ ಕಿಂಗ್ಸ್’ ಡೆಕ್ಕನ್ನು ಹೀಗೆ ಮೂರು ಕೊಂಡು, ಹೊರಗಿನಿಂದ ಇನ್ನಷ್ಟು ಕಾರ್ಡ್ ಸೇರಿಸಿ ಕಟ್ಟಿದ ಡೆಕ್‌ಗಳು 2024ರ ಮೊದಲ ತಿಂಗಳುಗಳಲ್ಲಿ ದೊಡ್ಡ ಸ್ಪರ್ಧೆಗಳ ಮೇಲಿನ ಸ್ಥಾನಗಳಲ್ಲಿದ್ದವು. ಪೋಕೆಮಾನ್‌ನ ‘ಲೀಗ್ ಬ್ಯಾಟಲ್ ಡೆಕ್’ಗಳೂ ಈ ಜಾತಿಯವೇ. ಮ್ಯೂ ವಿಮ್ಯಾಕ್ಸ್, ಗಾರ್ಡೆವಾರ್ ಇಎಕ್ಸ್, ಚಾರಿಜಾರ್ಡ್ ಇಎಕ್ಸ್: ಆಯಾ ಕಾಲಕ್ಕೆ ಗೆಲ್ಲುತ್ತಿದ್ದ ಡೆಕ್‌ಗಳ ಬೆನ್ನೆಲುಬನ್ನೇ ಕಂಪನಿ ಡಬ್ಬಿಗೆ ತುಂಬಿತು.

ಪೋಕೆಮಾನ್‌ನಲ್ಲೂ ಒಂದೇ ಡಬ್ಬಿಯನ್ನು ಎರಡು ಸಲ ಯಾಕೆ ಕೊಳ್ಳಬೇಕು ಎಂಬುದಕ್ಕೆ ಉತ್ತರ ಹೈಸ್ಕೂಲಿನ ಸಂಭವನೀಯತೆ ಪಾಠದಲ್ಲೇ ಇದೆ. ಪೋಕೆಮಾನ್ ಆಟದ ಶುರುವಿಗೆ 60ರಲ್ಲಿ ಏಳು ಕಾರ್ಡ್ ಕೈಗೆ ಬರುತ್ತವೆ. ಬೇಕಾದ ಕಾರ್ಡ್ ಡೆಕ್‌ನಲ್ಲಿ ಒಂದೇ ಇದ್ದರೆ ಅದು ಆ ಏಳರಲ್ಲಿ ಸಿಗುವ ಸಾಧ್ಯತೆ ನೂರಕ್ಕೆ 12ರಷ್ಟು. ಎರಡಿದ್ದರೆ 22, ನಾಲ್ಕಿದ್ದರೆ 40. ಇನ್ನೊಂದು ಲೆಕ್ಕವೂ ಇದೆ. ಆಟದ ಮೊದಲು ಆರು ಕಾರ್ಡುಗಳನ್ನು ‘ಪ್ರೈಜ್’ ಎಂದು ಮುಚ್ಚಿ ಬದಿಗಿಡಬೇಕು. ಒಂಟಿ ಕಾರ್ಡ್ ಆ ಆರರಲ್ಲಿ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ನೂರಕ್ಕೆ ಹತ್ತು. ಎರಡಿದ್ದರೆ ಎರಡೂ ಒಟ್ಟಿಗೆ ಅಲ್ಲಿ ಬೀಳುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಎಂಟನೆಯ ಇಯತ್ತೆಯ ಹುಡುಗ ಈ ಲೆಕ್ಕವನ್ನು ತಾನೇ ಮಾಡಿ, ಅದರಂತೆ ಡೆಕ್ ತಿದ್ದಿದರೆ, ಅದಕ್ಕಿಂತ ಒಳ್ಳೆಯ ಗಣಿತದ ಪ್ರಾಕ್ಟಿಕಲ್ ಯಾವುದಿದೆ?

ತಿದ್ದುವುದು ಹೇಗೆ? ಚಾರಿಜಾರ್ಡ್ ಇಎಕ್ಸ್ ಡೆಕ್ಕನ್ನೇ ಬಿಡಿಸಿ ನೋಡಬಹುದು. ಎದುರಾಳಿ ಗೆದ್ದುಕೊಂಡ ಒಂದೊಂದು ಪ್ರೈಜಿಗೂ ಚಾರಿಜಾರ್ಡ್‌ನ ಹೊಡೆತ 180ರ ಮೇಲೆ ಮೂವತ್ತು ಮೂವತ್ತು ಏರುತ್ತ ಹೋಗುತ್ತದೆ. ಅಂದರೆ ಹಿಂದೆ ಬಿದ್ದಷ್ಟೂ ಬಲ ಹೆಚ್ಚು. ಆದರೆ ಅದನ್ನು ಅಂಗಳಕ್ಕೆ ತರಲು ಚಾರ್ಮ್ಯಾಂಡರ್, ಚಾರ್ಮಿಲಿಯನ್ ಎಂಬ ಎರಡು ಮೆಟ್ಟಿಲು ಹತ್ತಬೇಕು. ‘ರೇರ್ ಕ್ಯಾಂಡಿ’ ಕಾರ್ಡ್ ಕೈಯಲ್ಲಿದ್ದರೆ ನಡುವಿನ ಮೆಟ್ಟಿಲು ಹಾರಬಹುದು. ಜತೆಗಿರುವ ಪಿಜಿಯಾಟ್ ಇಎಕ್ಸ್ ಪ್ರತಿ ಸರದಿಗೂ ಡೆಕ್ಕಿನಿಂದ ಬೇಕಾದ ಒಂದು ಕಾರ್ಡ್ ಹುಡುಕಿ ಕೈಗಿಡುತ್ತದೆ. ಡೆಕ್ಕಿನ ಕಸುಬೇ ಇಷ್ಟು: ಬೇಗ ಮೆಟ್ಟಿಲು ಹತ್ತು, ಬೇಕಾದ್ದನ್ನು ಹುಡುಕು, ತಡವಾಗಿ ಹೊಡೆ. ಹೀಗೆ ಒಂದೇ ಸಾಲಿನಲ್ಲಿ ಹೇಳಲು ಬಂದರೆ ಯಾವ ಕಾರ್ಡ್ ದಂಡ, ಯಾವುದು ಬೇಕು ಎಂಬುದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೆಟ್ಟಿಲು ಹತ್ತಿಸುವ ಕಾರ್ಡುಗಳನ್ನು ಮೂರು-ನಾಲ್ಕಕ್ಕೆ ಏರಿಸಬೇಕು. ಈ ಸಾಲಿಗೆ ಸೇರದ ಒಂಟಿ ಕಾರ್ಡುಗಳನ್ನು, ಚಿತ್ರ ಎಷ್ಟೇ ಚೆಂದವಿದ್ದರೂ, ಕಿತ್ತು ಬದಿಗಿಡಬೇಕು. ಎರಡು ಡಬ್ಬಿಯಿಂದಲೂ ತುಂಬದ ಖಾಲಿ ಜಾಗಕ್ಕೆ ಹೆಸರು ಹೇಳಿ ಬಿಡಿ ಕಾರ್ಡ್ ಕೊಳ್ಳಬೇಕು. ಕೊನೆಗೂ ಪ್ಯಾಕೆಟ್ ಹರಿಯುವ ಪ್ರಮೇಯ ಬರುವುದಿಲ್ಲ.

ಎರಡು ಹಳ್ಳಗಳಿವೆ, ನೋಡಿ ದಾಟಬೇಕು. ಪೋಕೆಮಾನ್ ಕಂಪನಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗೆದ್ದವರ ಡೆಕ್‌ಗಳನ್ನೂ ಡಬ್ಬಿಯಲ್ಲಿ ಮಾರುತ್ತದೆ. ನೋಡಿದ ಕೂಡಲೇ ಇದೇ ಬೇಕು ಅನ್ನಿಸುತ್ತದೆ. ಆದರೆ ಅವುಗಳ ಬೆನ್ನಿನ ವಿನ್ಯಾಸವೇ ಬೇರೆ, ಹಾಗಾಗಿ ಅಧಿಕೃತ ಸ್ಪರ್ಧೆಯಲ್ಲಿ ನಿಷಿದ್ಧ. ಮನೆಯಲ್ಲಿ ಅಭ್ಯಾಸಕ್ಕೆ ಮಾತ್ರ ಸೈ. ಇನ್ನೊಂದು, ಕಾರ್ಡಿನ ಕೆಳಮೂಲೆಯಲ್ಲಿ ಅಚ್ಚಾಗಿರುವ ಸಣ್ಣ ಇಂಗ್ಲಿಷ್ ಅಕ್ಷರ. ಹಳೆಯ ಅಕ್ಷರದ ಕಾರ್ಡುಗಳು ಕಾಲಕಾಲಕ್ಕೆ ಸ್ಪರ್ಧೆಯಿಂದ ಹೊರಬೀಳುತ್ತವೆ. 2025ರ ಏಪ್ರಿಲ್ 11ರಿಂದ ‘ಎಫ್’ ಅಕ್ಷರದವು ಹೊರಬಿದ್ದು ‘ಜಿ’, ‘ಎಚ್’, ‘ಐ’ ಉಳಿದವು. ಹಳೆಯ ಸಿದ್ಧ ಡೆಕ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮೊದಲು ಆ ಅಕ್ಷರವನ್ನೊಮ್ಮೆ ನೋಡಿಕೊಳ್ಳುವುದು ಜಾಣತನ.

ಬೇರೆಯವರು ಕಟ್ಟಿಕೊಟ್ಟ ಡೆಕ್ ಹಿಡಿದು ಆಡಿದರೆ ಮಗುವಿನ ಬುದ್ಧಿಗೆ ಏನು ಕೆಲಸ ಎಂಬ ಆಕ್ಷೇಪವಿದೆ. ಇದಕ್ಕೆ 2024ರ ವಿಶ್ವ ಚಾಂಪಿಯನ್‌ಷಿಪ್ ಉತ್ತರ ಕೊಡುತ್ತದೆ. ಹೊನೊಲುಲುವಿನಲ್ಲಿ ಆ ವರ್ಷ ಗೆದ್ದವನು ಚಿಲಿ ದೇಶದ ಹದಿಹರೆಯದ ಫರ್ನಾಂಡೊ ಸಿಫ್ವೆಂಟೆಸ್. ಅವನ ಡೆಕ್ಕಿನ ನಾಯಕ ‘ಐರನ್ ಥಾರ್ನ್ಸ್ ಇಎಕ್ಸ್’, ಬಹುತೇಕರು ನೆಚ್ಚದಿದ್ದ ಕಾರ್ಡ್. ಅದು ಮುಂದೆ ನಿಂತಿರುವಷ್ಟು ಹೊತ್ತು ಎದುರಾಳಿಯ ದೊಡ್ಡ ದೊಡ್ಡ ಪೋಕೆಮಾನ್‌ಗಳ ವಿಶೇಷ ಶಕ್ತಿಗಳು ಕೆಲಸ ಮಾಡುವುದಿಲ್ಲ. ಬೇರೆಯವರು ಏನು ತರುತ್ತಾರೆ ಎಂಬುದನ್ನು ಓದಿ, ಅದಕ್ಕೆ ಅಡ್ಡಗಾಲು ಹಾಕುವುದನ್ನು ಆತ ಆರಿಸಿಕೊಂಡಿದ್ದ. ಬುದ್ಧಿ ಕೆಲಸ ಮಾಡುವುದು ಇಲ್ಲಿ: ಐವತ್ತು ಕಾರ್ಡ್ ಎಲ್ಲರಿಗೂ ಗೊತ್ತಿರುವವೇ ಇರಲಿ, ಉಳಿದ ಹತ್ತನ್ನು ಎದುರಿಗೆ ಕೂರುವವರನ್ನು ನೋಡಿ ಬದಲಿಸುವುದರಲ್ಲಿ. ಸಿದ್ಧ ಡೆಕ್ ಆ ಐವತ್ತನ್ನು ಒದಗಿಸುತ್ತದೆ.

ಕನ್ನಡ ನಾಡಿಗೆ ಇದು ತೀರಾ ಪರಕೀಯ ಸಂಗತಿಯೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಂಬ ಎಲೆ ಆಟದ ಹೊಸ ಹೊಸ ಬಗೆಗಳನ್ನು ರೂಪಿಸಿದವರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಅವುಗಳ ವಿವರವಿದೆ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಎಷ್ಟು ಎಲೆ, ಯಾವುದು ಯಾವುದಕ್ಕಿಂತ ಮೇಲು ಎಂಬುದು ಆಡುವ ಎಲ್ಲರಿಗೂ ಗೊತ್ತು, ಗುಟ್ಟಿನ ಪ್ಯಾಕೆಟ್ ಇಲ್ಲ. ಮೈಸೂರು ಗಂಜೀಫಾಕ್ಕೂ ಕೊಪ್ಪಳದ್ದೇ ಆದ ಕಿನ್ನಾಳ ಆಟಿಕೆಗೂ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿದೆ. ಇದೇ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅಡಿಗಲ್ಲು ಹಾಕಿದರು. ಚಿತ್ರ ಬರೆಯುವ ಕೈ ಕಿನ್ನಾಳದ ಚಿತ್ರಗಾರರಲ್ಲಿದೆ, ಆಟಿಕೆ ಉದ್ಯಮದ ನೆಲ ಭಾನಾಪುರದಲ್ಲಿದೆ. ಒಳಗಿರುವುದನ್ನೆಲ್ಲ ಡಬ್ಬಿಯ ಮೇಲೆ ಅಚ್ಚು ಹಾಕಿ ಮಾರುವ ಒಂದು ಕನ್ನಡ ಕಾರ್ಡ್ ಆಟ ಇಲ್ಲಿಂದ ಹೊರಡಬಾರದೇಕೆ? ಇದಕ್ಕೆ ಹೊರಗೆ ಮಾದರಿಯೂ ಇದೆ. ‘ಲಿವಿಂಗ್ ಕಾರ್ಡ್ ಗೇಮ್’ ಹೆಸರಿನಲ್ಲಿ ಅಮೆರಿಕದ ಫ್ಯಾಂಟಸಿ ಫ್ಲೈಟ್ ಕಂಪನಿ 2008ರಿಂದ ಇಂಥ ಆಟಗಳನ್ನು ಮಾರಿದೆ. ಅದರ ಯಾವ ಡಬ್ಬಿಯಲ್ಲೂ ಅದೃಷ್ಟ ಪರೀಕ್ಷೆ ಇಲ್ಲ.

ಅದು ಆಗುವ ತನಕ ಮಾಡಬಹುದಾದ್ದು ಒಂದಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಚೆಸ್, ಕೇರಂ ಇಡುವ ಕಡೆ ನಾಲ್ಕು ಸಿದ್ಧ ಡೆಕ್ ಇಡುವುದು ದೊಡ್ಡ ಖರ್ಚಲ್ಲ. ಎರಡೆರಡು ಒಂದೇ ಬಗೆಯವಿರಲಿ, ತಿದ್ದಿ ಕಟ್ಟಲು ಅನುಕೂಲ. ಪುಸ್ತಕದಂತೆ ರಿಜಿಸ್ಟರ್‌ನಲ್ಲಿ ಬರೆದು ಕೊಡಲಿ, ಎಣಿಸಿ 60 ಕಾರ್ಡ್ ವಾಪಸು ಪಡೆಯಲಿ. ದುಡ್ಡಿದ್ದವನ ಮಗನಿಗೂ ಕೂಲಿಯವನ ಮಗಳಿಗೂ ಅಲ್ಲಿ ಒಂದೇ ಕಾರ್ಡ್. ಕಾರ್ಡಿನ ಮೇಲಿನ ಇಂಗ್ಲಿಷ್ ಸಾಲುಗಳನ್ನು ಓದಿ ಅರ್ಥ ಹೇಳುವ ನೆಪದಲ್ಲಿ ಮೇಷ್ಟ್ರೊಬ್ಬರು ಜತೆ ಕೂತರೆ ಇನ್ನೂ ಒಳ್ಳೆಯದು. ಹಿಟ್ನಾಳ ಪಂಚಾಯಿತಿ ಮೊದಲು ಮಾಡಿ ತೋರಿಸಲಿ. ಪಣಕ್ಕೆ ದುಡ್ಡು ಬೇಡ, ಬೂಸ್ಟರ್ ಪ್ಯಾಕೆಟ್ ಒಂದೂ ಬೇಡ ಎಂಬ ಎರಡು ನಿಯಮಗಳನ್ನು ಬಾಗಿಲಲ್ಲೇ ಬರೆದು ಹಾಕಲಿ.