ಮಣಿ ಬಣ್ಣ ಬಿಟ್ಟರೆ ಪೋಣಿಸಿದವಳಿಗೇಕೆ ಬೈಗುಳ?

ಜಾತ್ರೆಯಲ್ಲಿ ಕೊಂಡ ಮಣಿಸರ ತಿಂಗಳೊಳಗೆ ಬೆಳ್ಳಗಾಗುತ್ತದೆ, ಹಾಕಿಕೊಂಡವಳ ಕುತ್ತಿಗೆ ಮಾತ್ರ ಗುಲಾಬಿ! ಆಕೆ ಬೈಯುವುದು ಯಾರನ್ನು? ಸರ ಮಾಡಿ ಮಾರಿದ ಸಂಘದ ಹೆಂಗಸನ್ನು. ಮಣಿಗೆ ಬಣ್ಣ ಬಳಿದವನು ಯಾರೋ, ಕಿಲೋ ಲೆಕ್ಕದಲ್ಲಿ ತೂಗಿಕೊಟ್ಟವನು ಇನ್ಯಾರೋ. ಹೆಸರು ಕೆಡುವುದು ಮಾತ್ರ ದಾರಕ್ಕೆ ಪೋಣಿಸಿದವಳದ್ದು. ಇದು ಅನ್ಯಾಯ ಎನ್ನುತ್ತೇವೆ ನಾವು. ಹಾಗೆಯೇ, ಪರೀಕ್ಷೆ ಮಾಡದೆ ಪೋಣಿಸಿ ಮಾರುವುದೂ ಸರಿಯಲ್ಲ ಎನ್ನುತ್ತೇವೆ.

"ಬಣ್ಣ ಅಂದ ಮೇಲೆ ಹೋಗೇ ಹೋಗುತ್ತೆ" ಎಂದು ಅಂಗಡಿಯವರು ಹೇಳುವುದುಂಟು. ಅದು ಸುಳ್ಳು. ನಿಮ್ಮ ಅಜ್ಜಿಯ ಗಾಜಿನ ಕರಿಮಣಿ ನೋಡಿ. ಬಿಸಿಲು, ಬೆವರು, ಸ್ನಾನ ಎಲ್ಲವನ್ನೂ ಕಂಡಿದೆ. ಕಪ್ಪು ಕಪ್ಪಾಗಿಯೇ ಇದೆ. ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ನೆಲ ಅಗೆದಾಗ ಸಿಕ್ಕ ಗಾಜಿನ ಮಣಿಗಳಿಗೆ ಸುಮಾರು 2000 ವರ್ಷ. ಅವುಗಳ ಬಣ್ಣ ಇನ್ನೂ ಕಣ್ಣಿಗೆ ಕಾಣುತ್ತದೆ. ಗಾಜು ಕರಗಿರುವಾಗಲೇ ಕೋಬಾಲ್ಟ್, ತಾಮ್ರದಂಥ ಲೋಹದ ಅಂಶ ಸೇರಿಸಿದರೆ ಬಣ್ಣ ಗಾಜಿನ ಮೈಯಲ್ಲೇ ಬೆರೆತುಹೋಗುತ್ತದೆ. ಉಜ್ಜಿದರೆ ಹೋಗುವುದಿಲ್ಲ.

ಅಗ್ಗದ ಮಣಿಯ ಕತೆ ಬೇರೆ. ಬಣ್ಣವಿಲ್ಲದ ಗಾಜು ಅಥವಾ ಪ್ಲಾಸ್ಟಿಕ್ ಮೇಲೆ ಬಣ್ಣ ಬಳಿದಿರುತ್ತಾರೆ, ಇಲ್ಲವೆ ತೂತಿನ ಒಳಗೆ ಸವರಿರುತ್ತಾರೆ. ಬಿಸಿಲು, ಬೆವರು, ಸೋಪು, ಸೆಂಟು ತಾಗಿದರೆ ಮುಗಿಯಿತು. ಕಣ್ಣು ಕುಕ್ಕುವ ಗುಲಾಬಿ, ನೇರಳೆ ಬಣ್ಣಗಳಲ್ಲಿ ಈ ಮೋಸ ಹೆಚ್ಚು.

"ನಮ್ಮದು ನೈಸರ್ಗಿಕ ಬಣ್ಣ" ಎಂದರೂ ಸಾಲದು. ಬಟ್ಟೆಗೆ ಹತ್ತಿದ ಅರಿಶಿನ ಬಿಸಿಲಿಗೆ ಮಾಸುವುದನ್ನು ನೋಡದವರು ಯಾರಿದ್ದಾರೆ? ಚನ್ನಪಟ್ಟಣದ ಅರಗು ಬಳಿದ ಮರದ ಮಣಿ ಚೆಂದವೇ, ಆದರೆ ಅರಗು ಸ್ಪಿರಿಟ್‌ಗೆ ಕರಗುತ್ತದೆ. ಸೆಂಟು, ಸ್ಯಾನಿಟೈಸರ್ ತಾಗಿಸಬೇಡಿ ಎಂದು ಕೊಳ್ಳುವವರಿಗೆ ಹೇಳಿಯೇ ಮಾರಬೇಕು.

ನಾವು ಕಂಡ ತರಬೇತಿಗಳಲ್ಲಿ ಗಂಟು ಹಾಕುವುದು, ಕೊಂಡಿ ಕೂರಿಸುವುದು, ಜುಮುಕಿ ಜೋಡಿಸುವುದು ಎಲ್ಲ ಕಲಿಸುತ್ತಾರೆ. ಕೊನೆಗೆ ಪ್ರಮಾಣಪತ್ರ ಕೊಟ್ಟು ಫೋಟೋ ತೆಗೆಸುತ್ತಾರೆ. ಮಣಿ ಆರಿಸುವುದನ್ನು ಮಾತ್ರ ಒಂದು ಗಂಟೆಯೂ ಕಲಿಸುವುದಿಲ್ಲ. ಬಿತ್ತನೆ ಬೀಜ ನೋಡದೆ ಉಳುವುದನ್ನಷ್ಟೇ ಕಲಿಸಿದ ಹಾಗಾಯಿತು ಇದು.

ಪರೀಕ್ಷೆಗೆ ದೊಡ್ಡ ಖರ್ಚಿಲ್ಲ. ಹತ್ತು ಮಣಿಗಳನ್ನು ರಾತ್ರಿಯಿಡೀ ಸೋಪು ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಿಳಿ ಬಟ್ಟೆಯಲ್ಲಿ ಉಜ್ಜಿ. ಗಾಜಿನ ಮಣಿಯಾದರೆ ಉಗುರು ಬಣ್ಣ ತೆಗೆಯುವ ರಿಮೂವರ್ ಅನ್ನು ಹತ್ತಿಗೆ ಹಾಕಿ ಒರೆಸಿ. ಹತ್ತಿಗೆ ಬಣ್ಣ ಹತ್ತಿದರೆ ಆ ಮಣಿ ಬೇಡ. ಪ್ಲಾಸ್ಟಿಕ್ ಮಣಿಗೆ ರಿಮೂವರ್ ಹಾಕಬೇಡಿ, ಮಣಿಯೇ ಕರಗೀತು. ಇನ್ನೊಂದು ಹಿಡಿಯಲ್ಲಿ ಅರ್ಧ ಬಿಸಿಲಿಗಿಡಿ, ಅರ್ಧ ಡಬ್ಬಿಯಲ್ಲಿಡಿ. 15 ದಿನ ಬಿಟ್ಟು ಪಕ್ಕಪಕ್ಕ ಇಟ್ಟು ನೋಡಿ.

"ನೂರು ರೂಪಾಯಿ ಸರಕ್ಕೆ ಇಷ್ಟೆಲ್ಲ ಯಾಕೆ?" ಎಂದು ಕೇಳುವವರಿದ್ದಾರೆ. ಕೊಳ್ಳುವವಳಿಗೆ ಆ ನೂರು ರೂಪಾಯಿ ಕೂಲಿ ಮಾಡಿ ತಂದ ದುಡ್ಡು. ಮಾರುವವಳಿಗೆ ಅದು ಸಂಘದ ಸಾಲದ ಕಂತು. ಒಂದು ಸರ ಬಣ್ಣ ಬಿಟ್ಟರೆ ಆ ಕೇರಿಯಲ್ಲಿ ಮತ್ತೆ ಯಾರೂ ಅವಳ ಹತ್ತಿರ ಕೊಳ್ಳುವುದಿಲ್ಲ. ಶಾಲೆ ನಾಟಕಕ್ಕೋ ಒಂದು ದಿನದ ಮ್ಯಾಚಿಂಗ್‌ಗೋ ಸಾಕು ಎನ್ನುವವರಿಗೆ ಅಗ್ಗದ ಮಣಿಯ ಸರವನ್ನು ಧಾರಾಳವಾಗಿ ಮಾರಿ. ಆದರೆ ಬಣ್ಣ ಹೋಗುತ್ತದೆ ಎಂದು ಹೇಳಿ ಮಾರಿ, ಬೆಲೆಯನ್ನೂ ಇಳಿಸಿ.

ತರಬೇತಿ ಕೊಡುವವರನ್ನು ನಾವು ಕೇಳುವುದಿಷ್ಟೇ: ಒಂದು ದಿನವನ್ನು ಮಣಿ ಪರೀಕ್ಷೆಗೆ ಮೀಸಲಿಡಿ. ಸಂಘದ ಅಕ್ಕಂದಿರಿಗೂ ಒಂದು ಮಾತು. ಒಬ್ಬೊಬ್ಬರೇ ಪೇಟೆಗೆ ಹೋಗಬೇಡಿ, ಸಂಘದಿಂದ ಒಟ್ಟಾಗಿ ಕೊಳ್ಳಿ. ಗಾಜಿನದೇ ಬಣ್ಣವೋ ಮೇಲೆ ಬಳಿದದ್ದೋ ಎಂದು ರಸೀದಿಯಲ್ಲಿ ಬರೆಸಿ. ಬರೆದುಕೊಡಲು ಹಿಂಜರಿಯುವ ಅಂಗಡಿಯಿಂದ ಎದ್ದು ಬನ್ನಿ. ಹತ್ತು ಜನ ಒಟ್ಟಿಗೆ ಎದ್ದು ಬಂದರೆ ವ್ಯಾಪಾರಿಗೆ ಅರ್ಥವಾಗುತ್ತದೆ.

ಮೊದಲ ಸಲ ಒಂದು ಹಿಡಿ ಮಾತ್ರ ತನ್ನಿ. ನಮ್ಮೂರಲ್ಲಿ ಬಿಸಿಲಿಗೇನೂ ಬರವಿಲ್ಲ. ಬಿಸಿಲು ಒಪ್ಪಿದ ಮೇಲೆ ಕಿಲೋ ಲೆಕ್ಕದ ಮಾತಾಡಿ.